ತಾತನ ಸೈಕಲ್: ಚೈನ್ ಚಕ್ರದಲ್ಲಿ ಐದು ಗೊಂಬೆಗಳಿವೆ, ಇದು ಯಾವ ಕಂಪನಿಯದು, ಯಾವ ಕಾಲದ್ದು?

ಬಂಗಾರಪೇಟೆ ಮೊಮ್ಮಗ
ಶನಿವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಬಂಗಾರಪೇಟೆಯಿಂದ ಏಳೆಂಟು ಕಿಲೋಮೀಟರ್ ಒಳಗಿರುವ ನಮ್ಮ ಊರಿನಲ್ಲಿ ಹಳೆಯ ರೇಷ್ಮೆಹುಳು ಮನೆಯನ್ನು ಕೆಡವಿಸುತ್ತಿದ್ದೇವೆ. ಹೋದ ವಾರ ಮೂಲೆಯಲ್ಲಿದ್ದ, ಹುಳುಗಳು ಗೂಡು ಕಟ್ಟುವ ಚಂದ್ರಂಕಿಗಳ ರಾಶಿಯನ್ನು ಎಳೆದು ಹಾಕಿದಾಗ ಅದರ ಹಿಂದೆ ಗೋಡೆಗೊರಗಿ ನಮ್ಮ ತಾತನ ಸೈಕಲ್ ನಿಂತಿತ್ತು. ತಾತ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದರು. 1935ರಲ್ಲಿ ಗಣಿಯ ದೊರೆಯೊಬ್ಬರಿಂದ ಸೈಕಲ್ ಕೊಂಡರು ಎಂಬ ಮಾತನ್ನು ಮನೆಯಲ್ಲಿ ಎಲ್ಲರೂ ಕೇಳಿಕೊಂಡೇ ಬೆಳೆದಿದ್ದೇವೆ.

ಮುಂದಿನ ಮೊನೊಗ್ರಾಮ್ ಬಿದ್ದು ಹೋಗಿದ್ದು, ರಿವೆಟ್ ಹೊಡೆದಿದ್ದ ತೂತುಗಳು ಮಾತ್ರ ಉಳಿದಿವೆ. ಯಾರೋ ಒಮ್ಮೆ ಪೂರ್ತಿ ಕಪ್ಪು ಬಣ್ಣ ಬಳಿದಿದ್ದಾರೆ. ಕಂಬಿ ಬ್ರೇಕು, 28 ಇಂಚಿನ ಚಕ್ರ, ಚರ್ಮದ ಸೀಟು. ನನಗೆ ವಿಚಿತ್ರವಾಗಿ ಕಂಡ ಸಂಗತಿಗಳು ಎರಡು. ಮುಂದಿನ ಫೋರ್ಕಿನಲ್ಲಿ ಪ್ರತಿ ಪಕ್ಕದಲ್ಲಿಯೂ ಒಂದರ ಬದಲು ಎರಡೆರಡು ಸಣ್ಣ ಕೊಳವೆಗಳಿವೆ. ಪೆಡಲಿನ ಚೈನ್ ಚಕ್ರದೊಳಗೆ ಐದು ಮನುಷ್ಯ ಗೊಂಬೆಗಳು ಸುತ್ತಲೂ ನಿಂತಿರುವಂತೆ ಕತ್ತರಿಸಿದ್ದಾರೆ. ದೂರದಿಂದ ನೋಡಿದರೆ ಕೋಲಾಟದವರ ಹಾಗೆ ಕಾಣುತ್ತದೆ.

ಹಳೆಯ ಸಾಮಾನು ಕೊಳ್ಳುವ ಬೆಂಗಳೂರಿನ ವ್ಯಾಪಾರಿಯೊಬ್ಬರು ಚಿತ್ರ ನೋಡಿದ ಕೂಡಲೇ, ಇದು 1918ರ ಸೈಕಲ್, ನಲವತ್ತು ಸಾವಿರ ಕೊಡುತ್ತೇನೆ ಎಂದಿದ್ದಾರೆ. ಮಾರುವ ಮಾತು ಹಾಗಿರಲಿ, ಇದರ ನಿಜವಾದ ವಯಸ್ಸನ್ನು ತಿಳಿಯುವುದು ಹೇಗೆಂದು ತಿಳಿದವರು ದಯವಿಟ್ಟು ಹೇಳಬೇಕು.

ಮಾಲೂರು ಸೈಕಲ್ ಶಾಪ್
ಶನಿವಾರ, ರಾತ್ರಿ 10.05

ಹಂಬರ್. ಎರಡು ಕೊಳವೆಯ ಫೋರ್ಕು, ಐದು ಗೊಂಬೆಯ ಚಕ್ರ, ಇವೆರಡೂ ಸೇರಿದರೆ ಬೇರೆ ಹೆಸರು ಹೇಳಲು ಸಾಧ್ಯವೇ ಇಲ್ಲ. ನಮ್ಮ ತಂದೆಯವರ ಕಾಲದಲ್ಲಿ ನಮ್ಮ ಅಂಗಡಿಗೆ ಇಂಥವು ಎರಡು ಬರುತ್ತಿದ್ದವು. ಒಂದು ಸ್ಟೇಷನ್ ಮಾಸ್ಟರರದು, ಇನ್ನೊಂದು ಶ್ಯಾನುಭೋಗರದು.

ಮುಳಬಾಗಿಲು ಮೂರ್ತಿಗಳು
ಶನಿವಾರ, ರಾತ್ರಿ 10.20

ಹಾಗಾದರೆ ವ್ಯಾಪಾರಿ ಹೇಳಿದ್ದೇ ಸರಿ ಇರಬೇಕು. ಹಂಬರ್ ಎಂದರೆ ಬಹಳ ಪ್ರಾಚೀನ ಕಂಪನಿ. ನಲವತ್ತು ಸಾವಿರಕ್ಕೆ ಕೊಡಬೇಡಿ, ಲಕ್ಷ ಕೇಳಿ.

ಕೋಲಾರದ ಹಳೆ ಚಕ್ರ
ಭಾನುವಾರ, ಬೆಳಿಗ್ಗೆ 6.50

ಮೂರ್ತಿಗಳೇ, ಕಂಪನಿ ಪ್ರಾಚೀನವಾದ ಮಾತ್ರಕ್ಕೆ ಸೈಕಲ್ ಪ್ರಾಚೀನವಾಗುವುದಿಲ್ಲ. ಥಾಮಸ್ ಹಂಬರ್ ಎಂಬವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 1868ರಲ್ಲಿ ಈ ಕೆಲಸಕ್ಕೆ ಕೈಹಾಕಿದರು, ಅದು ನಿಜ. ಆದರೆ 1932ರಲ್ಲಿ ಹಂಬರ್ ಸೈಕಲ್ಲಿನ ಹೆಸರು ಮತ್ತು ವ್ಯಾಪಾರ ರ‍್ಯಾಲಿ ಕಂಪನಿಗೆ ಮಾರಾಟವಾಯಿತು. ಆ ಮೇಲೆ ದಶಕಗಳ ಕಾಲ ರ‍್ಯಾಲಿಯವರು ತಮ್ಮ ನಾಟಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿಯೇ ಹಂಬರ್ ಸೈಕಲ್‌ಗಳನ್ನು ತಯಾರಿಸಿದರು. ಗಿರಾಕಿಗಳು ಹಂಬರ್ ಎಂದು ಗುರುತಿಸುತ್ತಿದ್ದುದೇ ಫೋರ್ಕು ಮತ್ತು ಗೊಂಬೆಗಳಿಂದ. ಆದ್ದರಿಂದ ಅವೆರಡನ್ನೂ ಹಾಗೆಯೇ ಉಳಿಸಿಕೊಂಡರು. ಹೀಗಾಗಿ ಅವುಗಳಿಂದ ಮನೆತನ ತಿಳಿಯುತ್ತದೆಯೇ ಹೊರತು ಹುಟ್ಟಿದ ವರ್ಷ ತಿಳಿಯುವುದಿಲ್ಲ.

ಹಿಂದಿನ ಹಬ್ಬನ್ನು, ಎಂದರೆ ಚಕ್ರದ ನಡುವೆ ಕಡ್ಡಿಗಳು ಕೂಡುವ ಭಾಗವನ್ನು ನೋಡಿ. ಅದು ಸಾಮಾನ್ಯ ಹಬ್ಬಿಗಿಂತ ಬಹಳ ದಪ್ಪವಾಗಿದೆಯೇ? ಅಚ್ಚಿನ ಬಲತುದಿಯಿಂದ ಸಣ್ಣ ಸರಪಳಿಯಂಥದ್ದು ಏನಾದರೂ ಹೊರಬಂದಿದೆಯೇ?

ಬಂಗಾರಪೇಟೆ ಮೊಮ್ಮಗ
ಭಾನುವಾರ, ಬೆಳಿಗ್ಗೆ 8.15

ಹೌದು ಸರ್. ಹಬ್ಬು ದಪ್ಪ ಸೋರೆಬುರುಡೆಯ ಹಾಗಿದೆ. ಬಲಗಡೆಯ ನಟ್ಟಿನ ತೂತಿನಿಂದ ಕಿರುಬೆರಳುದ್ದದ ಪುಟ್ಟ ಸರಪಳಿ ನೇತಾಡುತ್ತಿದೆ, ಅದಕ್ಕೆ ಯಾವ ತಂತಿಯೂ ಇಲ್ಲ. ಮಕ್ಕಳು ಯಾರೋ ಆಟಕ್ಕೆ ಸಿಕ್ಕಿಸಿದ್ದಾರೆಂದು ತಿಳಿದು ಕಿತ್ತು ಬಿಸಾಡುವುದರಲ್ಲಿದ್ದೆ.

ಮಾಲೂರು ಸೈಕಲ್ ಶಾಪ್
ಭಾನುವಾರ, ಬೆಳಿಗ್ಗೆ 8.18

ಅಯ್ಯೋ, ಅದನ್ನು ಮುಟ್ಟಬೇಡಿ!

ಕೋಲಾರದ ಹಳೆ ಚಕ್ರ
ಭಾನುವಾರ, ಬೆಳಿಗ್ಗೆ 9.00

ಅದು ಸ್ಟರ್ಮಿ ಆರ್ಚರ್ ಮೂರು ಗೇರಿನ ಹಬ್ಬು. ಆ ಕಂಪನಿ ರ‍್ಯಾಲಿಯವರದೇ ಆದ್ದರಿಂದ ರ‍್ಯಾಲಿ ತಯಾರಿಸಿದ ಹಂಬರಿನಲ್ಲಿ ಅದಿರುವುದು ಸಹಜ. ಸಂತೋಷದ ಸಂಗತಿಯೆಂದರೆ ಅವರು ಹಬ್ಬಿನ ಮೈಮೇಲೆಯೇ ಮಾದರಿಯ ಅಕ್ಷರಗಳನ್ನೂ ತಯಾರಾದ ವರ್ಷವನ್ನೂ ಒತ್ತಿರುತ್ತಾರೆ. ಮೂವತ್ತರ ದಶಕದವುಗಳಲ್ಲಿ ವರ್ಷದ ಕೊನೆಯ ಅಂಕಿ ಮಾತ್ರ ಇರುತ್ತದೆ. 8 ಎಂದಿದ್ದರೆ 1938 ಎಂದು ತಿಳಿಯಬೇಕು. ಐವತ್ತರ ದಶಕದ ಹೊತ್ತಿಗೆ ವರ್ಷಕ್ಕೆ ಎರಡು ಅಂಕಿಗಳಿರುತ್ತವೆ, ಪಕ್ಕದಲ್ಲಿ ತಿಂಗಳ ಅಂಕಿಯೂ ಇರುತ್ತದೆ.

ಸೀಮೆಎಣ್ಣೆಯಲ್ಲಿ ಅದ್ದಿದ ಹಳೆ ಪಂಚೆಯ ತುಂಡಿನಿಂದ ಹಬ್ಬನ್ನು ಮೆಲ್ಲಗೆ ಉಜ್ಜಿ. ಉಪ್ಪುಕಾಗದ ಮುಟ್ಟಿಸಬೇಡಿ. ಅಂಕಿಗಳ ಆಳ ಬಹಳ ಕಡಿಮೆ. ಒಮ್ಮೆ ಸವೆದರೆ ಇಡೀ ಸೈಕಲ್ಲಿನ ಜಾತಕವೇ ಹೋದಂತೆ.

ಬಂಗಾರಪೇಟೆ ಮೊಮ್ಮಗ
ಭಾನುವಾರ, ಮಧ್ಯಾಹ್ನ 1.30

ಎರಡು ಗಂಟೆ ಹಿಡಿಯಿತು. ಎಣ್ಣೆ, ಧೂಳು, ಹಿಪ್ಪೆ ಎಲ್ಲ ಸೇರಿ ಕಲ್ಲಿನಂತೆ ಕಟ್ಟಿಕೊಂಡಿತ್ತು. ಮೊದಲು ಸ್ಟರ್ಮಿ ಎಂಬ ಹೆಸರು ಕಂಡಿತು, ಆಮೇಲೆ ಎ.ಡಬ್ಲ್ಯೂ. ಎಂಬ ಎರಡು ಅಕ್ಷರಗಳು. ಕಡೆಗೆ ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದಾಗ 51 ಎಂಬುದು ಸ್ಪಷ್ಟವಾಗಿ ಕಾಣಿಸಿತು. ಅದರ ಪಕ್ಕದಲ್ಲಿ 3 ಇದ್ದಂತಿದೆ.

ಎಂದರೆ 1951ರ ಮಾರ್ಚ್. 1918 ಹೋಯಿತು, ನಮ್ಮ ಮನೆಯ 1935 ಕೂಡ ಹೋಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಬೇಸರವಾಯಿತು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಮುಳಬಾಗಿಲು ಮೂರ್ತಿಗಳು
ಭಾನುವಾರ, ಮಧ್ಯಾಹ್ನ 2.10

ಬೇಸರ ಪಡಬೇಡಿ. ಹಿಂದಿನ ಚಕ್ರವನ್ನು ಆಮೇಲೆ ಬದಲಾಯಿಸಿರಬಹುದಲ್ಲ? ಚಪ್ಪಲಿ ಹೊಸದೆಂದು ಕಾಲೂ ಹೊಸದೆನ್ನುತ್ತೀರಾ? ಹಬ್ಬಿನ ಮೇಲೆ 51 ಎಂದು ಬರೆದಿದ್ದರೆ ಹಬ್ಬಿನ ವಯಸ್ಸು ಗೊತ್ತಾಯಿತು, ಸೈಕಲ್ಲಿನದಲ್ಲ. ಗಣಿಯ ದೊರೆ ಕೊಟ್ಟ ಸೈಕಲ್ ಎಂದು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವುದನ್ನು ಒಂದು ಹಬ್ಬಿನ ಮಾತು ಕೇಳಿ ಸುಳ್ಳೆನ್ನಬಾರದು.

ಕೋಲಾರದ ಹಳೆ ಚಕ್ರ
ಭಾನುವಾರ, ಮಧ್ಯಾಹ್ನ 3.00

ಮೂರ್ತಿಗಳ ಆಕ್ಷೇಪಣೆ ನ್ಯಾಯವಾದದ್ದೇ. ಚಕ್ರ ಬದಲಾಗಿರಬಹುದು. ಆದರೆ ಅದನ್ನು ಪರೀಕ್ಷಿಸುವ ದಾರಿಯೂ ಇದೆ. ಆ ಹಬ್ಬಿನ ಎ.ಡಬ್ಲ್ಯೂ. ಎಂಬ ಮಾದರಿ ಬಂದದ್ದೇ 1936ರಲ್ಲಿ. ಹೀಗಾಗಿ 1935ರ ಸೈಕಲ್ಲಿನಲ್ಲಿ ಅದು ಮೂಲತಃ ಇರಲು ಸಾಧ್ಯವಿಲ್ಲ. ಇನ್ನು ಫ್ರೇಮಿನ ವಿಚಾರ. ಗೇರಿನ ಸೈಕಲ್ಲಾಗಿಯೇ ಕಾರ್ಖಾನೆಯಿಂದ ಬಂದಿದ್ದರೆ ಹ್ಯಾಂಡಲ್ಲಿನಿಂದ ಹಿಂದಿನ ಚಕ್ರದವರೆಗೆ ತಂತಿ ಹೋಗಬೇಕು. ಆ ತಂತಿಯನ್ನು ಹಿಡಿಯಲು ಮೇಲಿನ ಬಾರಿಗೆ ಸಣ್ಣ ಪಟ್ಟಿಯ ಕ್ಲಿಪ್ಪು ಹಾಕಿರುತ್ತಾರೆ, ಸೀಟಿನ ಕೆಳಗೆ ಒಂದು ಪುಟ್ಟ ರಾಟೆ ಇರುತ್ತದೆ. ಕ್ಲಿಪ್ಪಾಗಲಿ, ಅದಿದ್ದ ಗುರುತಾಗಲಿ ಕಾಣುತ್ತದೆಯೇ ನೋಡಿ. ಮೇಲೆ ಬಳಿದ ಕಪ್ಪು ಬಣ್ಣದ ಕೆಳಗಿನ ಮೂಲ ಬಣ್ಣದಲ್ಲಿ ಗುರುತಿದ್ದರೆ ಅದು ಮೊದಲಿನದೇ.

ಸೀಟಿನ ಕೆಳಗಿನ ನೇರ ಕೊಳವೆಯ ಮೇಲಿನ ಬಣ್ಣವನ್ನೂ ಒಂದು ಬೆರಳಿನಷ್ಟು ಜಾಗದಲ್ಲಿ ಮಾತ್ರ ಜಾಗರೂಕತೆಯಿಂದ ತೆಗೆಯಿರಿ. ಅಲ್ಲಿ ಚಿನ್ನದ ಬಣ್ಣದ ಅಕ್ಷರಗಳು ಇರುವ ಸಾಧ್ಯತೆಯಿದೆ.

ಸವಾರ ಶ್ರೀನಿವಾಸಪುರ
ಭಾನುವಾರ, ಸಂಜೆ 4.25

ನನ್ನದೊಂದು ಸಂದೇಹವಿದೆ. ಇದು ಇಂಗ್ಲೆಂಡಿನದೇ ಎಂದು ಏಕೆ ತೀರ್ಮಾನಿಸುತ್ತೀರಿ? ಬಂಗಾಳದ ಅಸನ್ಸೋಲಿನಲ್ಲಿ ಸೆನ್ ರ‍್ಯಾಲಿ ಕಾರ್ಖಾನೆ ಐವತ್ತರ ದಶಕದ ಆರಂಭದಲ್ಲಿಯೇ ಶುರುವಾಯಿತು. ಅವರು ರ‍್ಯಾಲಿಯ ಜೊತೆಗೆ ಹಂಬರ್ ಹೆಸರಿನಲ್ಲಿಯೂ ಸೈಕಲ್ ತಯಾರಿಸಿದರು. ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್‌ನವರ ಹರ್ಕ್ಯುಲಿಸ್ ಬಂದದ್ದೂ ಅದೇ ಕಾಲದಲ್ಲಿ. ಇಂಗ್ಲೆಂಡಿನ ಅಚ್ಚು, ನಮ್ಮ ದೇಶದ ಕೈಕೆಲಸ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ “ಫಾರಿನ್ ಸೈಕಲ್” ಎಂದು ಪೂಜೆ ಮಾಡುತ್ತಿರುವುದು ಅಸನ್ಸೋಲಿನದೋ ಅಂಬತ್ತೂರಿನದೋ ಆಗಿರುತ್ತದೆ. ಹಾಗಾದರೆ ಅದಕ್ಕೇನು ಬೆಲೆ ಕಡಿಮೆಯೇ ಎಂಬುದು ಬೇರೆ ಮಾತು; ನನ್ನ ದೃಷ್ಟಿಯಲ್ಲಿ ಇಲ್ಲ.

ಬಂಗಾರಪೇಟೆ ಮೊಮ್ಮಗ
ಸೋಮವಾರ, ಬೆಳಿಗ್ಗೆ 7.05

ನಿನ್ನೆ ರಾತ್ರಿ ಹನ್ನೊಂದರವರೆಗೂ ಅದನ್ನೇ ಮಾಡುತ್ತಿದ್ದೆ. ಮನೆಯವಳು ಸೈಕಲ್ಲಿನ ಪಕ್ಕದಲ್ಲಿಯೇ ಹಾಸಿಗೆ ಹಾಕಿಕೊಡಲೇ ಎಂದು ಕೇಳಿದಳು.

ಮೇಲಿನ ಬಾರಿನಲ್ಲಿ ಕ್ಲಿಪ್ಪು ಇಲ್ಲ, ಆದರೆ ಅದಿದ್ದ ಗುರುತಿದೆ. ಹೊರಗಿನ ಕಪ್ಪು ಬಣ್ಣ ತೆಗೆದಾಗ ಒಳಗಿನ ಮೂಲ ಬಣ್ಣವೂ ಕಪ್ಪೇ, ಆದರೆ ಬಿಸಿಲಿಗೆ ಮಂಕಾಗಿದೆ. ಅದರ ನಡುವೆ ಅರ್ಧ ಇಂಚಿನ ಒಂದು ಪಟ್ಟಿ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಕೈಗಡಿಯಾರ ಬಿಚ್ಚಿದಾಗ ಮಣಿಕಟ್ಟಿನಲ್ಲಿ ಬಿಳಿ ಗುರುತು ಉಳಿದಿರುತ್ತದಲ್ಲ, ಹಾಗೆ.

ಸೀಟಿನ ಕೊಳವೆಯ ಮೇಲೆ ಚಿನ್ನದ ಬಣ್ಣದ ಅಕ್ಷರಗಳು ಅರ್ಧಂಬರ್ಧ ಸಿಕ್ಕಿವೆ. ಮೊದಲಿನವು ಅಳಿಸಿಹೋಗಿವೆ, ಕೊನೆಯಲ್ಲಿ “...ಟಿಂಗ್‌ಹ್ಯಾಮ್” ಎಂದು ಇಂಗ್ಲಿಷಿನಲ್ಲಿದೆ.

ಸವಾರ ಶ್ರೀನಿವಾಸಪುರ
ಸೋಮವಾರ, ಬೆಳಿಗ್ಗೆ 7.30

ನಾಟಿಂಗ್‌ಹ್ಯಾಮ್ ಎಂದ ಮೇಲೆ ನನ್ನ ಅಸನ್ಸೋಲ್ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ.

ಕೋಲಾರದ ಹಳೆ ಚಕ್ರ
ಸೋಮವಾರ, ಬೆಳಿಗ್ಗೆ 8.00

ಆ ಹೊಳೆಯುವ ಪಟ್ಟಿಯೇ ಸಾಕ್ಷಿ. ಫ್ರೇಮಿನ ಬಣ್ಣ ಹೊಸದಾಗಿದ್ದಾಗಲೇ ಕ್ಲಿಪ್ಪು ಅಲ್ಲಿ ಕೂತಿತ್ತು ಎಂದರ್ಥ. ಇದು ಹುಟ್ಟಿನಿಂದಲೇ ಗೇರಿನ ಸೈಕಲ್, ಹಿಂದಿನ ಚಕ್ರ ಇದರದೇ. 1951ರಲ್ಲಿ ತಯಾರಾಗಿ, ಹಡಗಿನಲ್ಲಿ ಬಂದು ಅದೇ ವರ್ಷದ ಕೊನೆಗೋ ಮರುವರ್ಷವೋ ಮಾರಾಟವಾಗಿರಬೇಕು.

ಮುಳಬಾಗಿಲು ಮೂರ್ತಿಗಳು
ಸೋಮವಾರ, ಬೆಳಿಗ್ಗೆ 9.15

ಮುಂದಿನ ಚಕ್ರದ ಮೇಲೆ ಏನು ಬರೆದಿದೆ ಎಂಬುದನ್ನು ಇದುವರೆಗೆ ಯಾರೂ ಕೇಳಲೇ ಇಲ್ಲ. ನಾನು ಕೇಳುತ್ತಿದ್ದೇನೆ.

ಬಂಗಾರಪೇಟೆ ಮೊಮ್ಮಗ
ಸೋಮವಾರ, ಸಂಜೆ 6.40

ಮೂರ್ತಿಗಳು ಕೇಳಿದ್ದು ಒಳ್ಳೆಯದಾಯಿತು. ಮುಂದಿನ ಹಬ್ಬಿನ ಮೇಲೆ ಮೂರು ಬಂದೂಕುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿರುವ ಗುರುತಿದೆ, ಜೊತೆಗೆ ಬಿ.ಎಸ್.ಎ. ಎಂಬ ಅಕ್ಷರಗಳು. ಹಬ್ಬಿನ ಬಣ್ಣವೂ ಬೇರೆ: ಹಿಂದಿನದು ಸ್ಟೀಲ್ ಲೋಟದ ಹಾಗೆ ನೀಲಿ ಮಿಶ್ರಿತ ಬಿಳುಪು, ಇದು ಸ್ವಲ್ಪ ಹಳದಿಗೆ ತಿರುಗಿದ ಬೆಳ್ಳಿಯ ಹಾಗೆ. ಲೂಕಾಸ್ ಬೆಲ್ಲಿನ ಬಣ್ಣವೂ ಹೀಗೆಯೇ ಇದೆ.

ಕೋಲಾರದ ಹಳೆ ಚಕ್ರ
ಸೋಮವಾರ, ರಾತ್ರಿ 8.20

ಈಗ ವಿಷಯ ಸ್ವಾರಸ್ಯಕರವಾಯಿತು. ಮೂರು ಬಂದೂಕು ಎಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಮೂಲತಃ ಬಂದೂಕು ತಯಾರಿಸಲು 1861ರಲ್ಲಿ ಹುಟ್ಟಿದ ಕಂಪನಿ, ಗುರುತು ಅಲ್ಲಿಂದ ಬಂದದ್ದು. ಅವರ ಸೈಕಲ್ ವಿಭಾಗವನ್ನು ರ‍್ಯಾಲಿ ಕೊಂಡದ್ದು 1957ರಲ್ಲಿ. ಅದಕ್ಕೂ ಮೊದಲು ಇವರಿಬ್ಬರೂ ಎದುರಾಳಿ ವ್ಯಾಪಾರಿಗಳು. 1951ರಲ್ಲಿ ರ‍್ಯಾಲಿಯವರು ತಾವು ತಯಾರಿಸಿದ ಹಂಬರಿಗೆ ಬಿ.ಎಸ್.ಎ. ಹಬ್ಬು ಹಾಕಿ ಕಳಿಸುವ ಮಾತೇ ಇಲ್ಲ. ಆದ್ದರಿಂದ ಮುಂದಿನ ಚಕ್ರ ಬೇರೊಂದು ಸೈಕಲ್ಲಿನಿಂದ ಬಂದದ್ದು.

ಇನ್ನು ಬಣ್ಣ. ಹಳದಿ ಛಾಯೆಯದು ನಿಕ್ಕಲ್ ಲೇಪ, ನೀಲಿ ಛಾಯೆಯದು ಕ್ರೋಮ್. ಸೈಕಲ್‌ಗಳಿಗೆ ಕ್ರೋಮ್ ಲೇಪ ವ್ಯಾಪಕವಾಗಿ ಬಂದದ್ದು 1930ರ ಆಸುಪಾಸಿನಲ್ಲಿ. ಹಾಗಾಗಿ ನಿಮ್ಮ ಮುಂದಿನ ಹಬ್ಬು ಮತ್ತು ಬೆಲ್ಲು ಹಿಂದಿನ ಚಕ್ರಕ್ಕಿಂತ ಇಪ್ಪತ್ತು ವರ್ಷವಾದರೂ ಹಿರಿಯವು. ನಿಮ್ಮ ಮನೆಯವರು ಹೇಳುವ 1935ಕ್ಕೆ ಹೊಂದುವ ಭಾಗವೇನಾದರೂ ಇದ್ದರೆ ಅದು ಇದೇ.

ಮುಳಬಾಗಿಲು ಮೂರ್ತಿಗಳು
ಸೋಮವಾರ, ರಾತ್ರಿ 8.24

ನೋಡಿದಿರಾ!

ಮಾಲೂರು ಸೈಕಲ್ ಶಾಪ್
ಸೋಮವಾರ, ರಾತ್ರಿ 9.10

ಇಷ್ಟಕ್ಕೆಲ್ಲ ಆಶ್ಚರ್ಯ ಪಡಬೇಕಾಗಿಲ್ಲ. ನಮ್ಮ ಅಂಗಡಿಗಳಲ್ಲಿ ಓವರಾಯಿಲಿಂಗಿಗೆ ಬಂದ ಸೈಕಲ್ ಬಂದಂತೆಯೇ ತಿರುಗಿ ಹೋದದ್ದು ಉಂಟೇ? ರಿಮ್ ಸೊಟ್ಟಗಾದರೆ ಮೂಲೆಯಲ್ಲಿ ಬಿದ್ದಿದ್ದ ಬೇರೆ ಚಕ್ರ ಹಾಕುತ್ತಿದ್ದರು. ಇಂಗ್ಲಿಷ್ ಸೈಕಲ್‌ಗಳಲ್ಲಿ ಮುಂದಕ್ಕೆ 32 ಕಡ್ಡಿ, ಹಿಂದಕ್ಕೆ 40 ಕಡ್ಡಿ ಎಂಬ ಲೆಕ್ಕ ಎಲ್ಲ ಕಂಪನಿಗಳಿಗೂ ಹೆಚ್ಚುಕಡಿಮೆ ಒಂದೇ ಆಗಿದ್ದುದರಿಂದ ಅದಕ್ಕಿದು, ಇದಕ್ಕದು ಹೊಂದುತ್ತಿತ್ತು. ನಮ್ಮ ಹೊಸ ಕರಿ ಸೈಕಲ್‌ಗಳಲ್ಲಿಯೂ ಅದೇ ಲೆಕ್ಕ. ಹೊಂದದೆ ಕಾಟ ಕೊಡುವುದು ಒಂದೇ: ರ‍್ಯಾಲಿಯವರ ಬಿ.ಬಿ. ಕಪ್ಪು, ಎಂದರೆ ಪೆಡಲಿನ ಅಚ್ಚು ತಿರುಗುವ ಬಟ್ಟಲು. ಬೇರೆಯವರು ಇಂಚಿಗೆ 24 ಮರೆ (ತಿರುಪಿನ ಸುತ್ತು) ಹಾಕಿದರೆ ರ‍್ಯಾಲಿಯವರು 26 ಮರೆ. ಗೊತ್ತಿಲ್ಲದೆ ಪೇಟೆಯ ಕಪ್ಪು ತಂದು ಬಲವಂತವಾಗಿ ತಿರುಗಿಸಿ ಎಷ್ಟು ಫ್ರೇಮುಗಳ ಮರೆ ತಿಂದುಹೋಗಿದೆಯೋ ದೇವರೇ ಬಲ್ಲ. ಮೊಮ್ಮಗನವರೇ, ಅಲ್ಲಿಗೆ ಮಾತ್ರ ಯಾರನ್ನೂ ಕೈ ಹಾಕಲು ಬಿಡಬೇಡಿ. ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನನ್ನು ಬರಿ ಸುತ್ತಿಗೆಯಿಂದ ಹೊಡೆಯಲೂ ಬಿಡಬೇಡಿ.

ಬಂಗಾರಪೇಟೆ ಮೊಮ್ಮಗ
ಮಂಗಳವಾರ, ಬೆಳಿಗ್ಗೆ 7.45

ಹ್ಯಾಂಡಲ್ ಕೆಳಗೆ ತಂತಿಯಿಂದ ಕಟ್ಟಿದ್ದ ಒಂದು ಹಿತ್ತಾಳೆ ಬಿಲ್ಲೆಯೂ ಇದೆ. ಹುಣಸೆಹಣ್ಣು ಹಚ್ಚಿ ತೊಳೆದೆ. ಊರಿನ ಹೆಸರು ಸವೆದಿದೆ, 61-62 ಎಂಬುದು ಮಾತ್ರ ಓದಲು ಬರುತ್ತದೆ. ಇದರಿಂದ ಏನಾದರೂ ತಿಳಿಯುತ್ತದೆಯೇ?

ನಿವೃತ್ತ ಮೇಷ್ಟ್ರು
ಮಂಗಳವಾರ, ಬೆಳಿಗ್ಗೆ 10.30

ಅದು ಸೈಕಲ್ ತೆರಿಗೆಯ ಬಿಲ್ಲೆ. ಪ್ರತಿ ವರ್ಷ ಹಣ ಕಟ್ಟಿ ಹೊಸ ಬಿಲ್ಲೆ ಪಡೆಯಬೇಕಾಗಿತ್ತು, ಆದ್ದರಿಂದ ಅದು ಸೈಕಲ್ ಹುಟ್ಟಿದ ವರ್ಷವನ್ನು ಹೇಳುವುದಿಲ್ಲ; ಆ ವರ್ಷ ಸೈಕಲ್ ರಸ್ತೆಯ ಮೇಲಿತ್ತು ಎಂಬುದನ್ನು ಮಾತ್ರ ಹೇಳುತ್ತದೆ. ನಾನು ಹೈಸ್ಕೂಲಿನಲ್ಲಿದ್ದಾಗ ಬಿಲ್ಲೆಯಿಲ್ಲದೆ ಸಿಕ್ಕಿಬಿದ್ದವರ ಸೈಕಲ್ಲುಗಳನ್ನು ಎತ್ತಿನಗಾಡಿಯ ಮೇಲೆ ಹೇರಿಕೊಂಡು ಹೋಗುತ್ತಿದ್ದುದನ್ನು ಕಂಡಿದ್ದೇನೆ. ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ಸ್ ಕೂರಿಸಿಕೊಂಡು ಹೋದರೆ, ಪೊಲೀಸಿನವರು ಚಕ್ರದ ಗಾಳಿ ಬಿಟ್ಟು ವಾಲ್‌ಟ್ಯೂಬನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಮನೆಯವರೆಗೂ ತಳ್ಳಿಕೊಂಡೇ ಹೋಗಬೇಕು.

ಚಾಂಪಿಯನ್ ರೀಫ್ ಹಳಬ
ಮಂಗಳವಾರ, ಬೆಳಿಗ್ಗೆ 11.15

ಮೇಷ್ಟ್ರ ಮಾತು ಕೇಳಿ ಹಳೆಯದೆಲ್ಲ ನೆನಪಾಯಿತು. ನಮ್ಮ ತಂದೆ ರಾತ್ರಿ ಪಾಳಿಗೆ ಹೋಗುವಾಗ ಕಾರ್ಬೈಡ್ ದೀಪ ಹಚ್ಚುತ್ತಿದ್ದರು. ಕೆಳಗಿನ ಡಬ್ಬಿಯಲ್ಲಿ ಕಾರ್ಬೈಡ್ ಕಲ್ಲು, ಮೇಲಿನಿಂದ ನೀರು ತೊಟ್ಟು ತೊಟ್ಟಾಗಿ ಬೀಳುವಂತೆ ತಿರುಪು. ಹುಟ್ಟುವ ಅನಿಲಕ್ಕೆ ಬೆಂಕಿ ಮುಟ್ಟಿಸಿದರೆ ಬಿಳಿ ಬೆಳಕು, ಜೊತೆಗೆ ಬೆಳ್ಳುಳ್ಳಿ ಕೊಳೆತಂಥ ವಾಸನೆ. ಆ ವಾಸನೆ ಬಂದರೆ ಅಪ್ಪ ಬಂದರು ಎಂದು ನಾವು ಎದ್ದು ಕೂರುತ್ತಿದ್ದೆವು. ಸೈಕಲ್ ಮಾತ್ರ ಇಂಥದ್ದಲ್ಲ, ಹರ್ಕ್ಯುಲಿಸ್.

ಸವಾರ ಶ್ರೀನಿವಾಸಪುರ
ಮಂಗಳವಾರ, ಮಧ್ಯಾಹ್ನ 12.05

ದಯವಿಟ್ಟು ಹಂಬರಿಗೆ ಮರಳೋಣ. ಒಂದು ವ್ಯಾವಹಾರಿಕ ಪ್ರಶ್ನೆ: ಮೊಮ್ಮಗನವರು ಇದನ್ನು ಓಡಿಸಿ ನೋಡಿದರೇ?

ಬಂಗಾರಪೇಟೆ ಮೊಮ್ಮಗ
ಮಂಗಳವಾರ, ರಾತ್ರಿ 8.50

ಹಳೆಯ ಟ್ಯೂಬು ಟೈರು ಬದಲಾಯಿಸಿ ಇಂದು ಸಂಜೆ ಕೆರೆ ಏರಿಯವರೆಗೆ ಹೋದೆ. ನಾಚಿಕೆಯಿಂದಲೇ ಹೇಳುತ್ತೇನೆ, ಏದುಸಿರು ಬಂತು. ಪೆಡಲ್ ಎಷ್ಟು ಭಾರವೆಂದರೆ ಏರು ಸಿಕ್ಕಿದ ಕೂಡಲೇ ಇಳಿದು ತಳ್ಳಿದೆ. ತಾತ ದಿನವೂ ಇದರಲ್ಲಿ ಗಣಿಗೆ ಹೇಗೆ ಹೋಗುತ್ತಿದ್ದರೋ ತಿಳಿಯದು. ಎಲ್ಲ ಬೇರಿಂಗುಗಳೂ ಹಿಡಿದುಕೊಂಡಿವೆಯೇ?

ಮಾಲೂರು ಸೈಕಲ್ ಶಾಪ್
ಮಂಗಳವಾರ, ರಾತ್ರಿ 9.05

ಬೇರಿಂಗ್ ಅಲ್ಲ ಸ್ವಾಮಿ, ನೀವು ಮೂರನೇ ಗೇರಿನಲ್ಲಿ ಏರಿ ಹತ್ತಿಸುತ್ತಿದ್ದೀರಿ! ಆ ಹಬ್ಬಿನಲ್ಲಿ ತಂತಿ ಸಡಿಲವಾಗಿದ್ದರೆ ಅಥವಾ ಇಲ್ಲದೇ ಇದ್ದರೆ ಅದು ತಾನಾಗಿಯೇ ಎತ್ತರದ ಗೇರಿಗೆ ಹೋಗಿ ಕೂರುತ್ತದೆ. ತಂತಿಯನ್ನು ಒಂದು ಹಂತ ಎಳೆದರೆ ನಡುವಿನ ಗೇರು, ಪೂರ್ತಿ ಎಳೆದರೆ ಹಗುರದ ಗೇರು. ನಡುವಿನದರಲ್ಲಿ ಹಿಂದಿನ ಹಲ್ಲುಚಕ್ರ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಎತ್ತರದಲ್ಲಿ ಅದರ ಮೂರನೇ ಒಂದು ಪಾಲು ಹೆಚ್ಚು, ಹಗುರದಲ್ಲಿ ಕಾಲು ಪಾಲು ಕಡಿಮೆ. ಮುಂದೆ 46 ಹಲ್ಲು, ಹಿಂದೆ 18 ಹಲ್ಲು ಇದ್ದರೆ ನಡುವಿನ ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ ಸುಮಾರು 5.7 ಮೀಟರ್ ಹೋಗುವ ಸೈಕಲ್ ಮೂರನೆಯದರಲ್ಲಿ 7.6 ಮೀಟರ್ ಹೋಗಬೇಕಾಗುತ್ತದೆ. ಕಾಲು ಅಳದೆ ಇನ್ನೇನು ಮಾಡೀತು?

ಹಬ್ಬಿನ ನಡುವೆ ಪುಟ್ಟ ಮುಚ್ಚಳವಿರುತ್ತದೆ. ಅದನ್ನು ತೆರೆದು ತೆಳುವಾದ ಮೆಷಿನ್ ಎಣ್ಣೆಯನ್ನು ಹತ್ತಿಪ್ಪತ್ತು ತೊಟ್ಟು ಬಿಡಿ. ಹರಳೆಣ್ಣೆ, ಕೊಬ್ಬರಿ ಎಣ್ಣೆ ಹಾಕಬೇಡಿ. ನಮ್ಮ ಕೋಲಾರದ ಡಿಸೆಂಬರ್ ಚಳಿಗೆ ಕೊಬ್ಬರಿ ಎಣ್ಣೆ ಒಳಗೇ ಗಟ್ಟಿಯಾಗಿ ಗೇರಿನ ಕೊಂಡಿಗಳು ಅಂಟಿಕೊಳ್ಳುತ್ತವೆ. ಅಂಥ ಹಬ್ಬೊಂದನ್ನು ನಾನೇ ಬಿಚ್ಚಿದ್ದೇನೆ, ಒಳಗೆ ತಲೆಗೂದಲಿನ ವಾಸನೆ.

ಮುಳಬಾಗಿಲು ಮೂರ್ತಿಗಳು
ಬುಧವಾರ, ಬೆಳಿಗ್ಗೆ 7.00

ಗೇರಿನ ಪಾಠ ಚೆನ್ನಾಗಿತ್ತು. ಈಗ ನನ್ನ ಸಲಹೆ ಕೇಳಿ. ಒಳ್ಳೆಯ ಕಡೆ ಪೌಡರ್ ಕೋಟಿಂಗ್ ಮಾಡಿಸಿ, ಎಲ್ಲಕ್ಕೂ ಹೊಸ ಕ್ರೋಮ್ ಹಾಕಿಸಿ, ಹೊಸ ಹಂಬರ್ ಮೊನೊಗ್ರಾಮ್ ಮಾಡಿಸಿ ಅಂಟಿಸಿ. ಮನೆಯ ಮುಂದೆ ನಿಲ್ಲಿಸಿದರೆ ಮದುವಣಿಗನ ಹಾಗಿರಬೇಕು.

ಕೋಲಾರದ ಹಳೆ ಚಕ್ರ
ಬುಧವಾರ, ಬೆಳಿಗ್ಗೆ 7.40

ದಯವಿಟ್ಟು ಹಾಗೆ ಮಾಡಬೇಡಿ. ಇಷ್ಟು ದಿನ ನಾವು ಓದಿದ್ದೆಲ್ಲ ಯಾವುದನ್ನು? ಕ್ಲಿಪ್ಪಿನ ಹೊಳೆಯುವ ಪಟ್ಟಿ, ಅರ್ಧ ಅಳಿಸಿದ ಚಿನ್ನದ ಅಕ್ಷರ, ನಿಕ್ಕಲ್ಲಿನ ಹಳದಿ ಛಾಯೆ. ಪೌಡರ್ ಕೋಟಿಂಗಿಗೆ ಕೊಟ್ಟರೆ ಮೊದಲು ಮರಳು ಹೊಡೆದು ಬಣ್ಣವನ್ನೆಲ್ಲ ಕಿತ್ತು ಹಾಕುತ್ತಾರೆ. ಆಮೇಲೆ ಇದು ಹಂಬರೋ ಹೊಸ ಸೈಕಲ್ಲೋ ಎಂದು ಗುರುತಿಸಲು ಫೋರ್ಕು ಬಿಟ್ಟರೆ ಏನೂ ಉಳಿಯುವುದಿಲ್ಲ. ಹಳೆಯ ಸೈಕಲ್‌ಗಳನ್ನು ನಾನು ಹದಿನೈದು ವರ್ಷಗಳಿಂದ ಕೂಡಿಡುತ್ತಿದ್ದೇನೆ. ಮೊದಲ ಸೈಕಲ್ಲನ್ನು, ಅದು ರಡ್ಜ್ ಎಂಬ ಇಂಗ್ಲಿಷ್ ಕಂಪನಿಯದು, ಹೀಗೆಯೇ ಹೊಳೆಯುವಂತೆ ಮಾಡಿಸಿದೆ. ಚೈನ್ ಚಕ್ರದಲ್ಲಿದ್ದ ಅಂಗೈ ಗುರುತಿನ ಬೆರಳುಗಳ ಅಂಚು ಕೂಡ ಪಾಲಿಶಿನಲ್ಲಿ ಮೊಂಡಾಯಿತು. ಇಂದಿಗೂ ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಹೊರಗಿನ ಕಪ್ಪು ಬಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು, ಮೂಲ ಬಣ್ಣಕ್ಕೆ ಮೇಣ ಹಚ್ಚಿ ಬಿಡಿ. ಆರು ತಿಂಗಳು ಹಿಡಿದರೂ ಚಿಂತೆಯಿಲ್ಲ.

ಮುಳಬಾಗಿಲು ಮೂರ್ತಿಗಳು
ಬುಧವಾರ, ಬೆಳಿಗ್ಗೆ 7.52

ತುಕ್ಕನ್ನೂ ಉಳಿಸಿಕೊಳ್ಳಬೇಕೇ? ಅದು ಸೈಕಲ್ಲೋ ಶಾಸನವೋ?

ನಿವೃತ್ತ ಮೇಷ್ಟ್ರು
ಬುಧವಾರ, ಬೆಳಿಗ್ಗೆ 8.30

ನಾಲ್ಕು ದಿನಗಳಿಂದ ನೀವೆಲ್ಲ ಅದನ್ನು ಓದುತ್ತಿರುವ ರೀತಿ ನೋಡಿದರೆ ಶಾಸನವೇ ಸರಿ.

ಬಂಗಾರಪೇಟೆ ಮೊಮ್ಮಗ
ಗುರುವಾರ, ರಾತ್ರಿ 9.30

ಒಂದು ದೊಡ್ಡ ಸುದ್ದಿ. ಚಿಂತಾಮಣಿಯಲ್ಲಿರುವ ನಮ್ಮ ದೊಡ್ಡಪ್ಪನಿಗೆ ಎಂಬತ್ತಾರು ವರ್ಷ. ಈ ಚರ್ಚೆಯನ್ನೆಲ್ಲ ಅವರ ಮಗಳು ಓದಿ ಹೇಳಿದಳಂತೆ. ಇಂದು ಸಂಜೆ ಅವರೇ ಫೋನ್ ಮಾಡಿ, “ನೀವು ಯಾರೂ ನನ್ನನ್ನು ಏಕೆ ಕೇಳಲಿಲ್ಲ?” ಎಂದು ಮೊದಲು ಚೆನ್ನಾಗಿ ಬೈದರು.

ಅವರು ಹೇಳಿದ್ದು ಹೀಗೆ. 1935ರಲ್ಲಿ ತಾತ ದೊರೆಯಿಂದ ಕೊಂಡದ್ದು ನಿಜ, ಆದರೆ ಅದು ಈ ಸೈಕಲ್ ಅಲ್ಲ. ಅದು ಬಿ.ಎಸ್.ಎ., ಆಗಲೇ ಹಳೆಯದಾಗಿತ್ತು. ದೊಡ್ಡಪ್ಪ ಬಾರಿನ ಕೆಳಗಿನಿಂದ ಕಾಲು ತೂರಿಸಿ ಸೈಕಲ್ ಕಲಿತದ್ದು ಅದರಲ್ಲಿಯೇ. ಒಂದು ದಿನ ಬೂದಿಕೋಟೆ ರಸ್ತೆಯಲ್ಲಿ ಎತ್ತಿನಗಾಡಿಗೆ ತಾಗಿ ಅದರ ಫ್ರೇಮು ಹ್ಯಾಂಡಲ್ಲಿನ ಬುಡದಲ್ಲಿ ಮುರಿಯಿತು. ಆಮೇಲೆ ರಾಬರ್ಟ್‌ಸನ್‌ಪೇಟೆಯ ಅಂಗಡಿಯೊಂದರಿಂದ ತಾತ ಹೊಸ ಹಂಬರ್ ತಂದರು. ಅದು ದೊಡ್ಡಪ್ಪ ಮಿಡ್ಲ್ ಸ್ಕೂಲಿಗೆ ಸೇರಿದ ವರ್ಷವಾದ್ದರಿಂದ 1951 ಅಥವಾ 52 ಇರಬೇಕು. ಹಳೆಯ ಬೆಲ್ಲಿನ ದನಿ ಚೆನ್ನಾಗಿದೆಯೆಂದು ಅದನ್ನು ಹೊಸ ಸೈಕಲ್ಲಿಗೆ ಹಾಕಿಕೊಂಡರು. ಒಂದೆರಡು ವರ್ಷದಲ್ಲಿ ಹಂಬರಿನ ಮುಂದಿನ ರಿಮ್ ಕಲ್ಲಿಗೆ ಬಡಿದು ಎಂಟರ ಆಕಾರವಾದಾಗ, ಅಟ್ಟದಲ್ಲಿದ್ದ ಬಿ.ಎಸ್.ಎ. ಚಕ್ರವನ್ನು ಇಳಿಸಿ ಹಾಕಿದರು. ದೊಡ್ಡಪ್ಪನೇ ಆ ಚಕ್ರವನ್ನು ತಲೆಯ ಮೇಲೆ ಹೊತ್ತು ಅಂಗಡಿಗೆ ಹೋಗಿದ್ದರಂತೆ.

ಅಪ್ಪ ಚಿಕ್ಕವರಾದ್ದರಿಂದ ಅವರಿಗೆ ಹಂಬರ್ ಒಂದೇ ಗೊತ್ತು. ಎರಡು ಸೈಕಲ್‌ಗಳ ಕಥೆ ನಮ್ಮ ಮನೆಯಲ್ಲಿ ಒಂದಾಗಿಬಿಟ್ಟಿತ್ತು.

ಕೋಲಾರದ ಹಳೆ ಚಕ್ರ
ಗುರುವಾರ, ರಾತ್ರಿ 9.50

ದೊಡ್ಡಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಗೇರಿನ ತಂತಿ ಏನಾಯಿತೆಂದು ಕೇಳಿದಿರಾ?

ಬಂಗಾರಪೇಟೆ ಮೊಮ್ಮಗ
ಗುರುವಾರ, ರಾತ್ರಿ 10.10

ಕೇಳಿದೆ. ಅದು ತುಂಡಾದ ಮೇಲೆ ಇಲ್ಲೆಲ್ಲೂ ಸಿಗಲಿಲ್ಲವಂತೆ. ಹ್ಯಾಂಡಲ್ಲಿನ ಮೇಲಿದ್ದ ಗೇರಿನ ಗುಂಡಿಯನ್ನು ದೊಡ್ಡಪ್ಪನೇ ಬಿಚ್ಚಿ ಆಟಕ್ಕಿಟ್ಟುಕೊಂಡು ಕಳೆದರಂತೆ. ಹಾಗಾದರೆ ಆಮೇಲಿನ ವರ್ಷಗಳಲ್ಲೆಲ್ಲ ತಾತ ಮೂರನೇ ಗೇರಿನಲ್ಲಿಯೇ ಗಣಿಗೆ ಹೋಗಿಬಂದರೇ ಎಂದು ಕೇಳಿದ್ದಕ್ಕೆ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಅಪ್ಪನ ಕಾಲು ಬಹಳ ಗಟ್ಟಿ ಕಣೋ” ಎಂದರು.

ಮಾಲೂರು ಸೈಕಲ್ ಶಾಪ್
ಗುರುವಾರ, ರಾತ್ರಿ 10.25

ನಮ್ಮ ಅಟ್ಟದ ತಗಡಿನ ಡಬ್ಬದಲ್ಲಿ ಹಳೆಯ ಗೇರ್ ಗುಂಡಿಯೊಂದು ಇದ್ದ ನೆನಪು. ತಂತಿಯನ್ನು ಬೇರೆ ತಂತಿಯಿಂದ ಕತ್ತರಿಸಿ ಮಾಡಿಕೊಳ್ಳಬಹುದು. ಭಾನುವಾರ ಸೈಕಲ್ ತನ್ನಿ. ಓಡಿಸಿಕೊಂಡು ಬರಬೇಡಿ, ಟೆಂಪೋದಲ್ಲಿ ಹಾಕಿಕೊಂಡು ಬನ್ನಿ.

ಮುಳಬಾಗಿಲು ಮೂರ್ತಿಗಳು
ಶುಕ್ರವಾರ, ಬೆಳಿಗ್ಗೆ 6.45

ನಾನು ಮೊದಲೇ ಹೇಳಿದ್ದೆ, ಮನೆಯವರ ಮಾತನ್ನು ಸುಳ್ಳೆನ್ನಬೇಡಿ ಎಂದು. ಅದಿರಲಿ, ಆ ವ್ಯಾಪಾರಿಗೆ ಏನು ಹೇಳಿದಿರಿ?

ಬಂಗಾರಪೇಟೆ ಮೊಮ್ಮಗ
ಶುಕ್ರವಾರ, ಬೆಳಿಗ್ಗೆ 8.10

ನಿನ್ನೆ ಮತ್ತೆ ಫೋನ್ ಮಾಡಿದ್ದರು. ಇದು 1951ರದು, ಮುಂದಿನ ಚಕ್ರ ಬೇರೆ ಕಂಪನಿಯದು ಎಂದು ಎಲ್ಲವನ್ನೂ ವಿವರಿಸಿ ಹೇಳಿದೆ. ಸಾವಧಾನವಾಗಿ ಕೇಳಿಸಿಕೊಂಡು, “ಇರಲಿ ಬಿಡಿ ಸಾರ್, ಕೊಳ್ಳುವವರಿಗೆ ನಾವು ಹದಿನೆಂಟು ಅಂತಲೇ ಹೇಳೋಣ” ಎಂದರು.